ನಾವು ನಿಮ್ಮನ್ನು ತುಂಬಾ ಮಿಸ್ ಮಾಡ್ಕೊಳ್ತಾ ಇದ್ದೀವಿ

ಬೆಳಿಗ್ಗೆ ಎದ್ದು ಮೇಲ್ ತೆಗೆದರೆ ಮೊದಲ ಸಾಲೇ ಹೀಗಿತ್ತು: ‘ನಾವು ನಿಮ್ಮನ್ನು ತುಂಬಾ ಮಿಸ್ ಮಾಡ್ಕೊಳ್ತಾ ಇದ್ದೀವಿ.’ ಪಕ್ಕದಲ್ಲಿ ಅಳುವ ಮುಖದ ಎಮೋಜಿ ಬೇರೆ. ಯಾರಪ್ಪಾ ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡವರು ಅಂತ ನೋಡಿದರೆ, ಎರಡು ವರ್ಷದ ಹಿಂದೆ ನಾನು ಒಂದು ಟಾರ್ಚ್ ಕೊಂಡಿದ್ದ ಕಂಪನಿ. ಆ ಟಾರ್ಚ್ ಇನ್ನೂ ಚೆನ್ನಾಗಿ ಉರಿಯುತ್ತಿದೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಎಷ್ಟು ಟಾರ್ಚ್ ಬೇಕು ಹೇಳಿ? ಅವರ ಲೆಕ್ಕದಲ್ಲಿ ವಾರಕ್ಕೆ ಮೂರು. ನನ್ನ ಸ್ವಂತ ತಮ್ಮ ಫೋನ್ ಮಾಡಿ ಎಂಟು ತಿಂಗಳಾಯಿತು, ಅವನಿಗೆ ಇಲ್ಲದ ಕಾಳಜಿ ಈ ಟಾರ್ಚಿನವರಿಗೆ.

ಅದರ ಕೆಳಗೆ ಇನ್ನೂ 41 ಮೇಲ್‌ಗಳು ಸಾಲಾಗಿ ಕೂತಿದ್ದವು. ಒಬ್ಬರು ನನ್ನ ತೂಕದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು, ಇನ್ನೊಬ್ಬರು ಕೂದಲಿನ ಬಗ್ಗೆ. ಸತ್ತುಹೋದ ಯಾರೋ ಶ್ರೀಮಂತನ ವಕೀಲ, ಅಷ್ಟೂ ಆಸ್ತಿಗೆ ನನ್ನಷ್ಟು ನಂಬಿಕಸ್ಥ ಜಗತ್ತಿನಲ್ಲೇ ಸಿಗಲಿಲ್ಲ ಅಂತ ಬರೆದಿದ್ದ. ಎಲ್ಲಕ್ಕಿಂತ ಮಜಾ ಅಂದರೆ, ಒಂದು ಮೇಲ್ ನನ್ನಿಂದಲೇ ನನಗೆ ಬಂದಿತ್ತು. ‘ನಿನ್ನ ಲ್ಯಾಪ್‌ಟಾಪ್ ಕ್ಯಾಮೆರಾ ನನ್ನ ಹಿಡಿತದಲ್ಲಿದೆ, ನೀನು ಏನೇನು ಮಾಡಿದೆ ಎಲ್ಲ ನೋಡಿದ್ದೀನಿ, ದುಡ್ಡು ಕಳಿಸು’ ಅಂತ ನನಗೆ ನಾನೇ ಬೆದರಿಕೆ ಹಾಕಿಕೊಂಡಿದ್ದೆ. ನನ್ನ ಲ್ಯಾಪ್‌ಟಾಪಿನ ಕ್ಯಾಮೆರಾ ಕೆಟ್ಟು ಮೂರು ವರ್ಷ. ಇದನ್ನು ನಾನು ನನಗೆ ತಿಳಿಸಿರಲಿಲ್ಲ ಅಂತ ಕಾಣುತ್ತದೆ.

ಇದು ಹೇಗೆ ಸಾಧ್ಯ ಅಂತ ಕೇಳಿದರೆ, ಇಮೇಲ್ ಹೋಗಿಬರುವ ಮೂಲ ನಿಯಮಗಳನ್ನು ಬರೆದದ್ದು 1982ರಲ್ಲಿ. ಆಗ ನೆಟ್‌ವರ್ಕಿನಲ್ಲಿ ಇದ್ದವರೇ ಬೆರಳೆಣಿಕೆ, ಜಾಸ್ತಿ ಮಂದಿ ಸಂಶೋಧಕರು. ‘ಇಂದ’ ಅನ್ನುವ ಜಾಗದಲ್ಲಿ ಯಾರಾದರೂ ಸುಳ್ಳು ಹೆಸರು ಬರೆದಾರು ಅಂತ ಯಾರಿಗೂ ಅನಿಸಲಿಲ್ಲ, ಹಾಗಾಗಿ ಅದನ್ನು ಪರೀಕ್ಷಿಸುವ ಏರ್ಪಾಡನ್ನೂ ಮಾಡಲಿಲ್ಲ. ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ, ಕಳಿಸಿದವರ ಹೆಸರು ನಿಜವಾ ಅಂತ ನೋಡುವ ಬೀಗಗಳನ್ನು ಒಂದರ ಮೇಲೊಂದು ಹಾಕುತ್ತಾ ಬಂದರು. ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ಕಳ್ಳರೂ ಬಂದು ಹೋಗಿ, ಆಮೇಲೆ ಬಾಗಿಲು ಕೂರಿಸಿದ ಹಾಗೆ.

ನಾನು ಎಲ್ಲರ ಹಾಗೆ, ಬೇಡದ ಮೇಲ್ ರಾಶಿ ಹಾಕುವ ಈ ಸ್ಪ್ಯಾಮಿನವರಿಗೆ ಶಾಪ ಹಾಕುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಮಗಳು ಸುಮ್ನೆ ಒಂದು ಮಾತು ಕೇಳಿದಳು. ‘ಅಪ್ಪಾ, ಇವರಿಗೆಲ್ಲಾ ನಿನ್ನ ಅಡ್ರೆಸ್ ಕೊಟ್ಟಿದ್ದು ಯಾರು?’

ಯಾರು ಕೊಟ್ಟಿದ್ದು ಅಂದರೆ, ನಾನೇ. ಉಚಿತ ವೈಫೈ ಸಿಗುತ್ತದೆ ಅಂದಾಗ ಕೊಟ್ಟೆ, ಹತ್ತು ನಿಮಿಷ ಬಳಸಿದೆ, ಆರು ವರ್ಷದಿಂದ ಅವರ ಮೇಲ್ ಓದುತ್ತಿದ್ದೇನೆ. ಶೇಕಡ 10 ರಿಯಾಯಿತಿ ಕೂಪನ್ ಅಂದಾಗ ಕೊಟ್ಟೆ, ಆ ಕೂಪನ್ ನಾನು ಕೊಂಡ ವಸ್ತುವಿಗೆ ನಡೆಯಲಿಲ್ಲ. ‘ನೀವು ಹಿಂದಿನ ಜನ್ಮದಲ್ಲಿ ಯಾವ ಪ್ರಾಣಿಯಾಗಿದ್ದಿರಿ?’ ಅನ್ನುವ ಕ್ವಿಜ್‌ಗೆ ಹನ್ನೆರಡು ಪ್ರಶ್ನೆಗೆ ಶ್ರದ್ಧೆಯಿಂದ ಉತ್ತರ ಕೊಟ್ಟ ಮೇಲೆ ಫಲಿತಾಂಶ ಮೇಲ್‌ನಲ್ಲಿ ಬರುತ್ತದೆ ಅಂದರು, ಕೊಟ್ಟೆ. ಕತ್ತೆ ಅಂತ ಬಂತು. ಕ್ವಿಜ್ ಸುಳ್ಳು ಹೇಳಿರಲಿಲ್ಲ, ಜನ್ಮದ ವಿಷಯದಲ್ಲಿ ಸ್ವಲ್ಪ ತಪ್ಪಿತ್ತು ಅಷ್ಟೆ.

ಇನ್ನು ಆ ಪುಟ್ಟ ಚೌಕಗಳು. ‘ನಮ್ಮ ಮತ್ತು ನಮ್ಮ ಪಾಲುದಾರರ ಆಕರ್ಷಕ ಕೊಡುಗೆಗಳ ಮಾಹಿತಿ ನನಗೆ ಬೇಕು’ ಅಂತ ಬರೆದು, ನಾವು ಮುಟ್ಟುವ ಮೊದಲೇ ಟಿಕ್ ಹಾಕಿ ಇಟ್ಟಿರುತ್ತಾರೆ. ನಮ್ಮ ಪರವಾಗಿ ಅವರೇ ಆಸೆಪಟ್ಟಿರುತ್ತಾರೆ. ಹೀಗೆ ಮೊದಲೇ ಟಿಕ್ ಹಾಕಿಟ್ಟರೆ ಅದು ಒಪ್ಪಿಗೆ ಆಗುವುದಿಲ್ಲ ಅಂತ ಯುರೋಪಿನ ಉನ್ನತ ನ್ಯಾಯಾಲಯ 2019ರಲ್ಲಿ ಸೈಟುಗಳು ನಮ್ಮ ಗುರುತಿಗೆ ಅಂತ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಕುಕೀಗಳ ಕೇಸೊಂದರಲ್ಲಿ ತೀರ್ಪು ಕೊಡಬೇಕಾಯಿತು. ಇದಕ್ಕೂ ನ್ಯಾಯಾಧೀಶರು ಬೇಕಾಯ್ತಲ್ಲಾ ಅನಿಸಬಹುದು, ಆದರೆ ಆ ಟಿಕ್ ತೆಗೆಯುವುದಕ್ಕೆ ನಮಗೆ ಪುರುಸೊತ್ತು ಇರಲಿಲ್ಲವಲ್ಲ. ಇಷ್ಟಕ್ಕೂ ‘ಪಾಲುದಾರರು’ ಅಂದರೆ ಯಾರು, ಎಷ್ಟು ಜನ ಅಂತ ನಾನಂತೂ ಒಂದು ದಿನವೂ ಕೇಳಿಲ್ಲ. ಒಬ್ಬರಿಗೆ ಊಟಕ್ಕೆ ಕರೆದು, ಅವರು ಕಲ್ಯಾಣ ಮಂಟಪದಷ್ಟು ಜನರನ್ನು ಕರೆದುಕೊಂಡು ಬಂದ ಮೇಲೆ ಎಲೆ ಎಣಿಸುತ್ತಾ ಕೂರುವವರು ನಾವು.

ಈ ಉದ್ಯೋಗ ಶುರುವಾದ ಕಥೆಯೂ ಚೆನ್ನಾಗಿದೆ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಅನ್ನುವ ಅಮೆರಿಕದ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಅನ್ನುವವರು, ತಮ್ಮ ಹೊಸ ಯಂತ್ರ ನೋಡಲು ಬನ್ನಿ ಅಂತ ಸುಮಾರು 400 ಜನರಿಗೆ ಒಂದೇ ಏಟಿಗೆ ಮೇಲ್ ಕಳಿಸಿದರು. ಆಗಿನ್ನೂ ಇಂಟರ್ನೆಟ್ ಅಲ್ಲ, ಅದರ ಹಿಂದಿನ ಅವತಾರ ಅರ್ಪಾನೆಟ್. ವಿಳಾಸಗಳು ಎಷ್ಟಿದ್ದವು ಅಂದರೆ ವಿಳಾಸದ ಜಾಗ ತುಂಬಿ ಉಳಿದವು ಪತ್ರದ ಒಳಗೇ ಚೆಲ್ಲಿಕೊಂಡವು. ಓದಿದವರು ಕೆಂಡಾಮಂಡಲವಾದರು, ಇನ್ನೊಮ್ಮೆ ಹೀಗೆ ಮಾಡಬೇಡಿ ಅಂತ ಮೇಲಿನವರು ಬೈದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದರೆ ಆ ಒಂದು ಮೇಲ್‌ನಿಂದ ಕೋಟಿ ಡಾಲರಿಗೂ ಮೀರಿದ ಯಂತ್ರಗಳು ಮಾರಾಟವಾದವು ಅಂತ ಥರ್ಕ್ ಆಮೇಲೆ ಹೇಳಿಕೊಂಡಿದ್ದಾರೆ. ಬೈದವರ ನಡುವೆಯೇ ಕೊಂಡವರೂ ಇದ್ದರು. ಬೈಗುಳಕ್ಕೆ ಯಾರೂ ಬಿಲ್ ಹಾಕುವುದಿಲ್ಲ.

ಈಗ ನಿಮಗೆ ನನ್ನ ಮೆಚ್ಚಿನ ಲೆಕ್ಕ ಹೇಳುತ್ತೇನೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಪ್ಯಾಮ್ ಕಳಿಸುವ ಒಂದು ಜಾಲದ ಒಳಗೇ ನುಸುಳಿ, ಅದರ ಮೇಲ್‌ಗಳಲ್ಲಿದ್ದ ಲಿಂಕನ್ನು ತಮ್ಮದೇ ನಕಲಿ ಔಷಧಿ ಅಂಗಡಿಗೆ ತಿರುಗಿಸಿಟ್ಟು ಕಾದು ನೋಡಿದರು. 26 ದಿನದಲ್ಲಿ ಹೋದ ಮೇಲ್ ಸುಮಾರು 35 ಕೋಟಿ. ಕೊಳ್ಳಲು ಮುಂದೆ ಬಂದವರು 28 ಜನ. ಸೊನ್ನೆ ಬಿಟ್ಟುಹೋಗಿಲ್ಲ, ಇಪ್ಪತ್ತೆಂಟೇ. ಅದರಲ್ಲೂ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲಾ ಬೇಕಾಗಿದ್ದು ಗಂಡಸುತನ ಹೆಚ್ಚಿಸುವ ಮದ್ದು.

ಈ ಲೆಕ್ಕ ಓದಿದಂದಿನಿಂದ ನನಗೆ ಆ 27 ಜನರದ್ದೇ ಯೋಚನೆ. ಅವರು ಯಾರು? ಎಲ್ಲಿದ್ದಾರೆ? ಆರೋಗ್ಯವೇ? ಭೂಮಿಯ ಮೇಲಿನ ನಾವೆಲ್ಲ ದಿನಾ ಬೆಳಿಗ್ಗೆ ಕಸ ಗುಡಿಸುತ್ತಿರುವುದು ಈ 27 ಜನರ ಸಂಸಾರ ಸುಖವಾಗಿರಲಿ ಅಂತ. ನಗಬೇಡಿ, ವ್ಯವಹಾರ ನಿಂತಿರುವುದೇ ಇದರ ಮೇಲೆ. ಮೇಲ್ ಕಳಿಸುವುದಕ್ಕೆ ಖರ್ಚೇ ಇಲ್ಲ ಅಂದರೆ, ಕೋಟಿಗೆ ಒಬ್ಬ ಸಿಕ್ಕರೂ ಲಾಭವೇ. ಒಂದೊಂದು ಮೇಲ್‌ಗೂ ಕಳಿಸುವವರ ಕಂಪ್ಯೂಟರ್ ಒಂದು ಕಷ್ಟದ ಲೆಕ್ಕ ಬಿಡಿಸಬೇಕು, ಆಗ ಕೋಟಿಗಟ್ಟಲೆ ಕಳಿಸುವವರ ಬೆವರು ಇಳಿಯುತ್ತದೆ ಅಂತ 1997ರಲ್ಲಿ ಆಡಮ್ ಬ್ಯಾಕ್ ಅನ್ನುವವರು ಹ್ಯಾಶ್‌ಕ್ಯಾಶ್ ಎಂಬ ಉಪಾಯ ಹೇಳಿದರು. ಮೇಲ್‌ಗೆ ಅದು ಹತ್ತಲಿಲ್ಲ. ಅದೇ ಬಗೆಯ ಉಪಾಯ ಆಮೇಲೆ ಬಿಟ್‌ಕಾಯಿನ್ ಒಳಗೆ ಸೇರಿಕೊಂಡಿತು, ಈಗ ಅದೇ ಬಿಟ್‌ಕಾಯಿನ್ ಕಳಿಸು ಅಂತ ನನಗೆ ನಾನೇ ಬೆದರಿಕೆ ಮೇಲ್ ಹಾಕಿಕೊಳ್ಳುತ್ತಿದ್ದೇನೆ.

ಖರ್ಚೇ ಇಲ್ಲ ಅಂದೆನಲ್ಲ, ಯಾಕೆ ಇಲ್ಲ? ಯಾಕೆಂದರೆ ಖರ್ಚು ನಮ್ಮದು. ಮೇಲೆ ಹೇಳಿದ ಜಾಲ ಯಾವ ದೊಡ್ಡ ಕಟ್ಟಡದಲ್ಲೂ ಇರಲಿಲ್ಲ, ಜನರ ಮನೆಮನೆಯ ಕಂಪ್ಯೂಟರುಗಳಲ್ಲಿ ಇತ್ತು. ‘ಅಪ್‌ಡೇಟ್ ಮಾಡಲಾ?’ ಅಂತ ಅದು ಕೇಳಿದಾಗಲೆಲ್ಲಾ ‘ನಾಳೆ ನೆನಪಿಸು’ ಒತ್ತಿ ಒತ್ತಿ ಇಟ್ಟ ಕಂಪ್ಯೂಟರುಗಳು.  ನಮ್ಮ ಕರೆಂಟು, ನಮ್ಮ ನೆಟ್ಟು, ನಮ್ಮ ಯಂತ್ರ. ರಾತ್ರಿ ನಾವು ಮಲಗಿದ ಮೇಲೆ ಅದು ಎದ್ದು ಕೂತು ಜಗತ್ತಿಗೆಲ್ಲಾ ಮಾತ್ರೆ ಮಾರುತ್ತದೆ. ಬೆಳಿಗ್ಗೆ ಎದ್ದು ನಾವು ‘ಯಾಕೋ ಲ್ಯಾಪ್‌ಟಾಪ್ ಸ್ಲೋ ಆಗಿದೆ’ ಅನ್ನುತ್ತೇವೆ. ಸ್ಲೋ ಅಲ್ಲ ಸ್ವಾಮಿ, ಅದಕ್ಕೆ ನೈಟ್ ಡ್ಯೂಟಿ.

2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೆಕೋಲೋ ಅನ್ನುವ, ಬೇರೆಯವರ ಯಂತ್ರಗಳನ್ನು ಇಟ್ಟುಕೊಂಡು ನೆಟ್ ಕೊಡುವ ಒಂದು ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಿತ್ತುಹಾಕಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಜಾಸ್ತಿ ಇಳಿದುಹೋಯಿತು. ಇಂಥ ಹಲವು ಜಾಲಗಳಿಗೆ ಏನು ಮಾಡಬೇಕು ಅಂತ ಹೇಳುವ ಯಂತ್ರಗಳು ಅಲ್ಲಿದ್ದವು. ಕೆಲವು ತಿಂಗಳಲ್ಲಿ ಎಲ್ಲ ಮೊದಲಿನ ಹಾಗೇ ಆಯಿತು ಅನ್ನಿ. ಯಜಮಾನ ಬೇರೆ ಜಾಗ ಹುಡುಕಿಕೊಂಡ, ಆಳುಗಳು ನಾವಂತೂ ಇದ್ದೇ ಇದ್ದೆವಲ್ಲ, ಸಂಬಳ ಕೂಡ ಕೇಳದೆ.

ಅದಕ್ಕೂ ಮುಂಚೆ, 2004ರ ಜನವರಿಯಲ್ಲಿ, ಇನ್ನು ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆ ಅಂತ ಬಿಲ್ ಗೇಟ್ಸ್ ದಾವೋಸ್‌ನಲ್ಲಿ ಹೇಳಿದ್ದರು. ಅವರದ್ದೂ ತಪ್ಪಲ್ಲ. ಅವರಿಗೆ ಕಂಪ್ಯೂಟರ್ ಗೊತ್ತಿತ್ತು, ನಮ್ಮ ಭಾವ ಗೊತ್ತಿರಲಿಲ್ಲ.

ಭಾವನ ವಿಷಯಕ್ಕೆ ಬರೋಣ. ಹೋದ ವರ್ಷ ಅವರಿಗೆ ಸ್ಪ್ಯಾಮ್ ಬಗ್ಗೆ ಜಾಗೃತಿ ಮೂಡಿಸಬೇಕು ಅನ್ನಿಸಿತು. ‘ಎಚ್ಚರಿಕೆ! ನಿಮ್ಮ ಇಮೇಲ್ ವಿಳಾಸವನ್ನು ಅಪರಿಚಿತರಿಗೆ ಕೊಡಬೇಡಿ! ಇದನ್ನು ನಿಮಗೆ ಗೊತ್ತಿರುವ ಎಲ್ಲರಿಗೂ ಕಳಿಸಿ!’ ಅಂತ ಕೆಂಪು ಅಕ್ಷರದಲ್ಲಿ ಬರೆದು 83 ಜನರಿಗೆ ಕಳಿಸಿದರು. 83 ವಿಳಾಸವೂ ಮೇಲೆ ‘ಗೆ’ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ನೆಂಟರು, ಆಫೀಸಿನವರು, ಹಲ್ಲಿನ ಡಾಕ್ಟರು, ಮನೆ ಬಾಡಿಗೆಗೆ ಕೊಟ್ಟವರು, ಮಗನ ಟ್ಯೂಷನ್ ಮೇಡಂ, ಎಲ್ಲರೂ ಒಂದೇ ಸಾಲಿನಲ್ಲಿ ಕೈಕೈ ಹಿಡಿದು ನಿಂತಿದ್ದರು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಕಳಿಸುವ ಬಿಸಿಸಿ ಅನ್ನುವುದು ಯಾತಕ್ಕೆ ಇದೆ ಅಂತ ಭಾವನಿಗೆ ಗೊತ್ತಿಲ್ಲ ಅಂತಲ್ಲ. ‘ಅದರಲ್ಲಿ ಕದ್ದುಮುಚ್ಚಿ ಕಳಿಸಿದ ಹಾಗೆ ಇರುತ್ತೆ ಕಣಯ್ಯಾ, ನಮ್ಮದೆಲ್ಲಾ ಓಪನ್ನು’ ಅಂದರು.

ಐದು ನಿಮಿಷಕ್ಕೆ ಮೊದಲ ಉತ್ತರ ಬಂತು, ಎಲ್ಲರಿಗೂ: ‘ತುಂಬಾ ಉಪಯುಕ್ತ ಮಾಹಿತಿ ಸರ್, ಧನ್ಯವಾದ.’ ಆಮೇಲೆ ಇನ್ನೊಬ್ಬರು, ಎಲ್ಲರಿಗೂ: ‘ಹೌದು.’ ಆಮೇಲೆ ಹಲ್ಲಿನ ಡಾಕ್ಟರದ್ದು, ತಾವು 20ನೇ ತಾರೀಖಿನವರೆಗೆ ರಜೆಯಲ್ಲಿದ್ದೀನಿ ಅನ್ನುವ ತಾನೇ ತಾನಾಗಿ ಹೋಗುವ ಉತ್ತರ. ಯಾರೋ ಒಬ್ಬರು, ‘ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ’ ಅಂತ ಎಲ್ಲರಿಗೂ ಬರೆದರು. ಅದು ಪಟ್ಟಿಯೇ ಅಲ್ಲ, ಅದು ಭಾವ. ಅದಾದ ಮೇಲೆ ಆರು ಜನ ‘ನನ್ನನ್ನೂ ತೆಗೆಯಿರಿ’ ಅಂದರು. ಟ್ಯೂಷನ್ ಮೇಡಂ, ಫೀಸು ಇನ್ನೂ ಬಂದಿಲ್ಲ ಅನ್ನುವುದನ್ನು ಭಾವನಿಗೆ ನೆನಪಿಸಿದರು, ಅದೂ 83 ಜನರ ಸಮ್ಮುಖದಲ್ಲಿ. ನಮ್ಮದೆಲ್ಲಾ ಓಪನ್ನು ಅಂದಿದ್ದರಲ್ಲ. ಕೊನೆಗೆ ಒಬ್ಬ ಮಹಾನುಭಾವ ‘ದಯವಿಟ್ಟು ಎಲ್ಲರಿಗೂ ಉತ್ತರ ಕಳಿಸುವುದನ್ನು ನಿಲ್ಲಿಸಿ’ ಅಂತ ಎಲ್ಲರಿಗೂ ಕಳಿಸಿದ. ಆ ಮಹಾನುಭಾವ ನಾನೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂಜೆ ಹೊತ್ತಿಗೆ ಒಟ್ಟು 62 ಮೇಲ್ ಆಗಿತ್ತು. ಆ 83 ಜನರಲ್ಲಿ ಒಬ್ಬರ ಕಂಪ್ಯೂಟರಿಗೆ ಕಳ್ಳ ಪ್ರೋಗ್ರಾಂ ಹೊಕ್ಕಿದ್ದರೆ ಸಾಕು, ಅವರ ಮೇಲ್ ಪೆಟ್ಟಿಗೆಯಿಂದ ನಮ್ಮೆಲ್ಲರ ವಿಳಾಸವೂ ಒಂದೇ ಗೊಂಚಲಾಗಿ ಅದಕ್ಕೆ ಸಿಗುತ್ತದೆ. ಅದೂ ಜೀವಂತ ವಿಳಾಸಗಳು, ಉತ್ತರ ಕೊಡುವ ಅಭ್ಯಾಸ ಇರುವಂಥವು.

ಉತ್ತರ ಅಂದಾಗ ನೆನಪಾಯಿತು. ನನ್ನ ಸ್ನೇಹಿತನೊಬ್ಬನಿಗೆ ಸ್ಪ್ಯಾಮಿನವರ ವ್ಯಾಕರಣ ತಿದ್ದುವ ಚಟ. ಆಸ್ತಿ ವಕೀಲನ ಪತ್ರದಲ್ಲಿ ಹದಿನೇಳು ತಪ್ಪು ಹುಡುಕಿ, ಕೆಂಪು ಬಣ್ಣದಲ್ಲಿ ಗುರುತು ಹಾಕಿ, ‘ಇನ್ನೂ ಚೆನ್ನಾಗಿ ಮೋಸ ಮಾಡಲು ಕಲಿ’ ಅಂತ ವಾಪಸ್ ಕಳಿಸಿದ್ದ. ನಮಗೆಲ್ಲ ತೋರಿಸಿ ನಗಾಡಿದ. ಪತ್ರ ಪೆದ್ದುಪೆದ್ದಾಗಿ ಇರುವುದರಲ್ಲೇ ಜಾಣತನ ಇದೆ ಅಂತ ಮೈಕ್ರೋಸಾಫ್ಟ್‌ನ ಸಂಶೋಧಕ ಕೊರ್ಮಾಕ್ ಹರ್ಲಿ 2012ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮೇಲ್ ಕಳಿಸುವುದು ಪುಕ್ಕಟೆ, ಆದರೆ ಉತ್ತರ ಕೊಟ್ಟವರ ಹಿಂದೆ ಬಿದ್ದು ದುಡ್ಡು ಬಿಡಿಸುವುದಕ್ಕೆ ವಂಚಕರಿಗೂ ಹೊತ್ತು ಬೇಕು. ಅನುಮಾನ ಪಡುವವರೆಲ್ಲಾ ಮೊದಲ ಸಾಲಿಗೇ ನಕ್ಕು ಎದ್ದು ಹೋಗಲಿ, ಇಷ್ಟು ಓದಿಯೂ ನಂಬುವವರು ಮಾತ್ರ ಉಳಿಯಲಿ ಅನ್ನುವುದೇ ಅವರ ಜರಡಿ. ನನ್ನ ಸ್ನೇಹಿತ ಆ ಜರಡಿಯಿಂದ ಪಾರಾಗಿ ಹೊರಗೆ ಬಿದ್ದಿದ್ದ. ವಿಳಾಸ ಬದುಕಿದೆ, ಓದುವವರು ಇದ್ದಾರೆ ಅಂತ ತಾನಾಗಿ ತಿಳಿಸಿ ಮತ್ತೆ ಒಳಗೆ ಹೋಗಿ ಕೂತ. ಈಗ ಅವನಿಗೆ ಮೊದಲಿನ ಮೂರರಷ್ಟು ಸ್ಪ್ಯಾಮ್ ಬರುತ್ತದೆ. ವ್ಯಾಕರಣ ಸುಧಾರಿಸಿದೆಯಂತೆ.

ಉತ್ತರ ಕೊಡಬೇಕು ಅಂತಲೂ ಇಲ್ಲ ಬಿಡಿ. ಕೆಲವು ಮೇಲ್‌ಗಳ ಒಳಗೆ ಕಣ್ಣಿಗೆ ಕಾಣದ, ಒಂದೇ ಚುಕ್ಕೆಯಷ್ಟು ಚಿತ್ರ ಇಟ್ಟಿರುತ್ತಾರೆ. ಮೇಲ್ ತೆರೆದು ಚಿತ್ರಗಳು ಲೋಡ್ ಆದವೋ, ಅತ್ತ ಕಡೆ ಗಂಟೆ ಹೊಡೆಯುತ್ತದೆ. ಚಿತ್ರಗಳು ಕೇಳದೆ ಲೋಡ್ ಆಗಬಾರದು ಅಂತ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಇದೆ. ಅದನ್ನು ಹುಡುಕಲು ಎರಡು ನಿಮಿಷ ಬೇಕು, ಹಾಗಾಗಿ ಯಾರೂ ಹುಡುಕಿಲ್ಲ.

ಇನ್ನು ನನ್ನ ಟಾರ್ಚಿನವರು. ಅವರು ಕಳ್ಳರಲ್ಲ, ಮರ್ಯಾದಸ್ಥರು, ಅದಕ್ಕೇ ಅವರನ್ನು ಬಿಡಿಸಿಕೊಳ್ಳುವುದು ಹೆಚ್ಚು ಕಷ್ಟ. ಮೇಲ್‌ನ ತಳದಲ್ಲಿ, ಬಿಳಿ ಹಾಳೆಯ ಮೇಲೆ ಹೆಚ್ಚುಕಮ್ಮಿ ಬಿಳಿಯೇ ಆದ ಅಕ್ಷರದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಅಂತ ಇತ್ತು. ಒತ್ತಿದೆ. ‘ಹೋಗಲೇಬೇಕಾ?’ ಅಂತ ಒಂದು ನಾಯಿಮರಿಯ ಫೋಟೋ ಬಂತು. ಹೌದು ಅಂದೆ. ಲಾಗಿನ್ ಆಗಿ ಅಂದರು. ಎರಡು ವರ್ಷದ ಹಿಂದಿನ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ? ಹೊಸದಕ್ಕೆ ಕೇಳಿದೆ, ಮೇಲ್ ಬಂತು. ಎಂಟು ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಹಳೆಯದರ ಹಾಗೆ ಇರಬಾರದು. ಆಮೇಲೆ ನಾನು ಮನುಷ್ಯ ಅಂತ ಸಾಬೀತು ಮಾಡಲು ಒಂಬತ್ತು ಚಿತ್ರದಲ್ಲಿ ಟ್ರಾಫಿಕ್ ಸಿಗ್ನಲ್ ಎಲ್ಲೆಲ್ಲಿದೆ ತೋರಿಸಬೇಕಿತ್ತು. ಮೇಲ್ ಕಳಿಸುವಾಗ ನಾನು ಮನುಷ್ಯನಾ ಅಂತ ಇವರು ಒಂದು ಸಲವೂ ಕೇಳಿರಲಿಲ್ಲ. ಒಳಗೆ ಹೋದರೆ ಒಂದು ಪಟ್ಟಿ ಅಲ್ಲ, ಹದಿನಾಲ್ಕು ಪಟ್ಟಿ. ಸುದ್ದಿ, ಕೊಡುಗೆ, ವಿಶೇಷ ಕೊಡುಗೆ, ಅತಿ ವಿಶೇಷ ಕೊಡುಗೆ, ‘ಬೆಳಕಿನ ಕಥೆಗಳು’... ಒಂದೊಂದೇ ಟಿಕ್ ತೆಗೆದೆ. ಯಾಕೆ ಹೋಗುತ್ತಿದ್ದೀರಿ ಅಂತ ಐದು ಕಾರಣ ಕೊಟ್ಟಿದ್ದರು, ‘ನನ್ನ ಹತ್ತಿರ ಟಾರ್ಚ್ ಇದೆ’ ಅನ್ನುವುದು ಅದರಲ್ಲಿ ಇರಲಿಲ್ಲ. ಕೊನೆಗೆ, ‘ನಿಮ್ಮ ಕೋರಿಕೆ ಜಾರಿಗೆ ಬರಲು 10 ಕೆಲಸದ ದಿನಗಳು ಬೇಕಾಗಬಹುದು.’ ಕಳಿಸುವುದಕ್ಕೆ ಒಂದು ಸೆಕೆಂಡು, ನಿಲ್ಲಿಸುವುದಕ್ಕೆ ಎರಡು ವಾರ. ಇದು ಇವರದ್ದೇ ಸೋಮಾರಿತನ ಅಂದುಕೊಂಡಿದ್ದೆ, ಅಮೆರಿಕದ 2003ರ ಸ್ಪ್ಯಾಮ್ ತಡೆ ಕಾಯ್ದೆಯೇ ಹತ್ತು ಕೆಲಸದ ದಿನ ಕೊಟ್ಟಿದೆ. ಮೇಲ್ ನಿಲ್ಲಿಸುವುದನ್ನು ರೈಲು ನಿಲ್ಲಿಸುವ ಕೆಲಸ ಅಂದುಕೊಂಡರೋ ಏನೋ.

ಐದು ನಿಮಿಷಕ್ಕೆ ಮೇಲ್ ಬಂತು: ನಿಮಗೆ ಇನ್ನು ಮೇಲ್ ಬರುವುದಿಲ್ಲ. ಮರುದಿನ ಇನ್ನೊಂದು: ನಮ್ಮನ್ನು ಬಿಟ್ಟುಹೋದ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಗೊತ್ತಾಯಿತು, ದಿನಕ್ಕೆ ಜಿಮೇಲ್ ವಿಳಾಸಗಳಿಗೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಿಗೆ ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು ಅಂತ ಗೂಗಲ್ 2024ರಲ್ಲಿ ನಿಯಮ ತಂದಿದೆ, ಯಾಹೂ ಕೂಡ ಇಂಥದ್ದೇ ತಂದಿತು. ಆ ಗುಂಡಿ ಮೇಲ್‌ನ ತಳದಲ್ಲಿ ಅಲ್ಲ, ಮೇಲೆ, ಕಳಿಸಿದವರ ಹೆಸರಿನ ಪಕ್ಕದಲ್ಲೇ ಇರುತ್ತದೆ. ನನ್ನ ಮೂಗಿನ ಕೆಳಗೇ ಇತ್ತು, ನಾನು ನಾಯಿಮರಿ ನೋಡುತ್ತಿದ್ದೆ. ಅದೇ ನಿಯಮದಲ್ಲಿ ಇನ್ನೊಂದು ಸಂಗತಿ ಇದೆ. ಸ್ಪ್ಯಾಮ್ ಅಂತ ದೂರು ಬೀಳುವ ಪ್ರಮಾಣ ಶೇಕಡ 0.3 ಮುಟ್ಟಬಾರದು. ಅಂದರೆ ಸಾವಿರ ಜನರಲ್ಲಿ ಮೂರು ಜನ ‘ಇದು ಸ್ಪ್ಯಾಮ್’ ಗುಂಡಿ ಒತ್ತಿದರೂ ಕಳಿಸುವವರ ನಿದ್ದೆ ಕೆಡುತ್ತದೆ. ಅಷ್ಟು ಶಕ್ತಿಯ ಗುಂಡಿ ಕೊಟ್ಟರೆ ನಾವು ಅದನ್ನು ಮುಟ್ಟದೆ, ಪ್ರತಿ ದಿನ 41 ಮೇಲ್ ಒಂದೊಂದಾಗಿ ಡಿಲೀಟ್ ಮಾಡುತ್ತೇವೆ. ಡಿಲೀಟ್ ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ನಮ್ಮ ಹೆಬ್ಬೆರಳಿಗೆ ವ್ಯಾಯಾಮ ಆಗುತ್ತದೆ ಅಷ್ಟೆ.

ಅದನ್ನು ಒತ್ತುವವರು ಇಲ್ಲ ಅಂತಲ್ಲ. ನಮ್ಮ ಅತ್ತಿಗೆ ಒತ್ತುತ್ತಾರೆ, ಎಲ್ಲದಕ್ಕೂ. ತಾವೇ ಕೇಳಿ ಹಾಕಿಸಿಕೊಂಡ ಅಡುಗೆ ಪತ್ರಿಕೆಗೂ, ಕರೆಂಟ್ ಬಿಲ್ಲಿಗೂ, ಒಮ್ಮೆ ಭಾವನಿಗೂ. ಭಾವನದ್ದು ಸರಿಯೇ. ಆದರೆ ಆ ಗುಂಡಿಯಿಂದ, ಸ್ಪ್ಯಾಮನ್ನು ಬೇರೆ ಮಾಡುವ ಫಿಲ್ಟರ್ ಪಾಠ ಕಲಿಯುತ್ತದೆ, ತಪ್ಪು ಪಾಠ ಹೇಳಿಕೊಟ್ಟರೆ ತಪ್ಪೇ ಕಲಿಯುತ್ತದೆ. ಅವರ ಮಗನಿಗೆ ಇಂಟರ್ವ್ಯೂಗೆ ಬನ್ನಿ ಅಂತ ಬಂದ ಮೇಲ್ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಬಿದ್ದಿತ್ತು. ಆಸ್ತಿ ವಕೀಲ ಮಾತ್ರ ಇನ್‌ಬಾಕ್ಸಿನಲ್ಲೇ ಕಾಲು ಚಾಚಿಕೊಂಡಿದ್ದ. ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆ ಇಣುಕಿ ನೋಡಿ ಅಂತ ಹೇಳಿದ್ದಕ್ಕೆ, ‘ಥೂ, ಅದರಲ್ಲಿ ಬರೀ ಕಸ ಇರುತ್ತೆ’ ಅಂದರು.

ಇದೆಲ್ಲ ಆದ ಮೇಲೆ ನಾನು ಜಾಣನಾದೆ. ಮಗಳು ಒಂದು ಉಪಾಯ ಹೇಳಿಕೊಟ್ಟಳು. ಜಿಮೇಲ್‌ನಂಥ ಕೆಲವು ಕಡೆ ವಿಳಾಸದಲ್ಲಿ ನಮ್ಮ ಹೆಸರು ಮುಗಿದ ಮೇಲೆ, @ ಬರುವ ಮೊದಲು ಒಂದು ಪ್ಲಸ್ ಚಿಹ್ನೆ ಹಾಕಿ, ಅದಾದ ಮೇಲೆ ಏನು ಬೇಕಾದರೂ ಬರೆದು ಕೊಡಬಹುದು, ಮೇಲ್ ನಮಗೇ ಬರುತ್ತದೆ. ವಿಳಾಸ ಎಲ್ಲಿಂದ ಸೋರಿತು ಅಂತ ಆಮೇಲೆ ಗೊತ್ತಾಗುತ್ತದೆ. ಆ ಪ್ಲಸ್ಸನ್ನು ಕತ್ತರಿಸಿ ಹಾಕುವಷ್ಟು ಬುದ್ಧಿ ಇರುವ ಕಳ್ಳರೂ ಇದ್ದಾರೆ, ಎಲ್ಲರೂ ಅಷ್ಟು ಮೈಮುರಿದು ಕೆಲಸ ಮಾಡುವುದಿಲ್ಲ. ಕಳೆದ ತಿಂಗಳು ಒಂದು ಕೊಡೆ ಕೊಂಡೆ. ವಿಳಾಸ ಕೇಳಿದರು, ಪ್ಲಸ್ ಕೊಡೆ ಅಂತ ಸೇರಿಸಿ ಕೊಟ್ಟೆ. ಟಿಕ್ ಎಲ್ಲ ಹುಡುಕಿ ಹುಡುಕಿ ತೆಗೆದೆ. ಮೂರು ವಾರಕ್ಕೆ ‘ಹದಿನಾಲ್ಕು ದಿನದಲ್ಲಿ ಹೊಟ್ಟೆ ಕರಗಿಸಿ’ ಅಂತ ಒಂದು ಮೇಲ್ ಬಂತು, ಪ್ಲಸ್ ಕೊಡೆ ವಿಳಾಸಕ್ಕೆ. ಸಿಕ್ಕಿಬಿದ್ದ ಕಳ್ಳ! ಇಷ್ಟು ಖುಷಿಯಿಂದ ನಾನು ಯಾವ ಸ್ಪ್ಯಾಮನ್ನೂ ಓದಿರಲಿಲ್ಲ.

ಕೊಡೆಯವರ ಮೇಲ್‌ಗೆ ಉತ್ತರ ಬರೆದೆ, ಹೋದಷ್ಟೇ ವೇಗದಲ್ಲಿ ವಾಪಸ್ ಬಂತು, ಈ ವಿಳಾಸಕ್ಕೆ ಉತ್ತರ ಬರೆಯಬೇಡಿ ಅಂತ. ಅವರ ಸೈಟಿಗೆ ಹೋಗಿ ‘ನಿಮ್ಮ ಖಾಸಗಿತನ ನಮಗೆ ಅಮೂಲ್ಯ’ ಅನ್ನುವ ಪುಟದಲ್ಲಿ ದೂರಿನ ಫಾರಂ ಹುಡುಕಿದೆ. ನನ್ನ ವಿಳಾಸವನ್ನು ಬೇರೆಯವರಿಗೆ ಕೊಟ್ಟಿದ್ದೀರಿ ಅಂತ ಖಾರವಾಗಿ ಎರಡು ಪ್ಯಾರಾ ಬರೆದೆ. ಕೆಳಗೆ, ದೂರು ದಾಖಲಾಗಬೇಕಾದರೆ ಇಮೇಲ್ ವಿಳಾಸ ಕಡ್ಡಾಯ ಅಂತ ಕೆಂಪು ನಕ್ಷತ್ರ ಇತ್ತು. ಪ್ಲಸ್ ದೂರು ಅಂತ ಸೇರಿಸಿ ಕೊಟ್ಟೆ.

ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಇವತ್ತು ಬೆಳಿಗ್ಗೆ ಪ್ಲಸ್ ದೂರು ವಿಳಾಸಕ್ಕೆ ಎರಡು ಮೇಲ್ ಬಂದಿವೆ. ಒಂದು ಕೂದಲಿನದು. ಇನ್ನೊಂದು ಕೊಡೆಯವರದ್ದೇ, ನನ್ನನ್ನು ತುಂಬಾ ಮಿಸ್ ಮಾಡ್ಕೊಳ್ತಾ ಇದ್ದಾರಂತೆ.